ಲಾರಾ ಪಿ. ಎಂಬ ಸಹಿ

ಮಣಿಪಾಲದ ಜಡಿಮಳೆಗೆ ಕಿಟಕಿ ಮುಚ್ಚಿಕೊಂಡು, ಪೆದ್ರೋ ಅಲ್ಮೊದೊವರ್ ನಿರ್ದೇಶಿಸಿದ 1987ರ ಸ್ಪ್ಯಾನಿಷ್ ಚಿತ್ರ ‘ಲಾ ಲೇ ದೆಲ್ ದೆಸೆಯೊ’ (ಬಯಕೆಯ ನಿಯಮ)ವನ್ನು ಕಳೆದ ವಾರ ಎರಡನೆಯ ಸಲ ನೋಡಿದೆ. ಚಿತ್ರನಿರ್ದೇಶಕ ಪಾಬ್ಲೊನಿಗೆ ಮನಸೋತ ಆಂತೋನಿಯೊ ಎಂಬ ತರುಣ, ಪಾಬ್ಲೊ ಪ್ರೀತಿಸುತ್ತಿದ್ದ ಹುವಾನನನ್ನು ದೀಪಸ್ತಂಭದ ಬಳಿಯ ಬಂಡೆಯಿಂದ ತಳ್ಳಿ ಕೊಲ್ಲುತ್ತಾನೆ.

ಸಲಿಂಗಪ್ರೇಮಿಯನ್ನು ಮತ್ತೆ ಕೊಲೆಗಾರನನ್ನಾಗಿಯೇ ತೋರಿಸಬೇಕಿತ್ತೇ ಎಂದು ಜೊತೆಗೆ ಕುಳಿತಿದ್ದ ಗೆಳೆಯ ಆಕ್ಷೇಪಿಸಿದ. ಆದರೆ ಬರ್ಲಿನ್ ಚಿತ್ರೋತ್ಸವದಲ್ಲಿ ಸಲಿಂಗಪ್ರೇಮ ಮುಂತಾದ ವಿಷಯಗಳ ಚಿತ್ರಗಳಿಗೆಂದೇ 1987ರಲ್ಲಿ ಆರಂಭವಾದ ಟೆಡ್ಡಿ ಪ್ರಶಸ್ತಿಯನ್ನು ಮೊದಲು ಪಡೆದ ಕಥಾಚಿತ್ರ ಇದೇ. ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಕೂಡ ಇದನ್ನು ಮೆಚ್ಚಿ ಬರೆದರು. ಇಲ್ಲಿ ಯಾರೂ ತಮ್ಮ ಒಲವಿಗಾಗಿ ಪಶ್ಚಾತ್ತಾಪ ಪಡುವುದಿಲ್ಲ, ಕೇಡು ಇರುವುದು ಒಲವಿನಲ್ಲಲ್ಲ, ಇನ್ನೊಬ್ಬನನ್ನು ತನ್ನ ಸೊತ್ತೆಂದು ಭಾವಿಸುವ ಹಟದಲ್ಲಿ ಎಂಬುದು ಗೆಳೆಯನಿಗೆ ನಾನಿತ್ತ ಉತ್ತರ.

ನಾನು ಓದಿದ ವಿಮರ್ಶೆಗಳು ಉತ್ಕಟತೆಯನ್ನು ಕೊಂಡಾಡುವಷ್ಟು ಹಾಸ್ಯವನ್ನು ಗಮನಿಸುವುದಿಲ್ಲ. ಹುವಾನನಿಂದ ತನಗೆ ಬರಬೇಕಾದ ಪ್ರೇಮಪತ್ರವನ್ನು ಪಾಬ್ಲೊ ತಾನೇ ಬರೆದು, ಸಹಿ ಮಾಡಿ ಕಳುಹಿಸೆಂದು ಹುವಾನನಿಗೆ ರವಾನಿಸುತ್ತಾನೆ. ಇತ್ತ ಆಂತೋನಿಯೊ, ತಾಯಿಯ ಕಣ್ಣಿಗೆ ಬೀಳದಿರಲೆಂದು, ಪಾಬ್ಲೊ ತನಗೆ ಬರೆಯುವ ಪತ್ರಗಳಿಗೆ ‘ಲಾರಾ ಪಿ.’ ಎಂಬ ಹೆಣ್ಣಿನ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾನೆ. ಕೊಲೆಯಾದ ಮೇಲೆ ಪೊಲೀಸರು ಹುಟ್ಟಿಯೇ ಇರದ ಲಾರಾ ಪಿ.ಯ ಬೆನ್ನು ಹತ್ತುತ್ತಾರೆ! ಗೆಳೆಯನ ನಂಬರನ್ನು ‘ಗ್ಯಾಸ್ ಏಜೆನ್ಸಿ’ ಎಂದು ಮೊಬೈಲಿನಲ್ಲಿ ಉಳಿಸಿಕೊಂಡ ಹುಡುಗನೊಬ್ಬನನ್ನು ಉಡುಪಿಯಲ್ಲಿ ಬಲ್ಲ ನನಗೆ ಆ ನಗುವಿನ ಹಿಂದಿನ ಭಯವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಪಾಬ್ಲೊನ ಸೋದರಿ ತೀನಾ ಲಿಂಗಪರಿವರ್ತನೆ ಮಾಡಿಸಿಕೊಂಡವಳು. ಆ ಪಾತ್ರವನ್ನು ನಟಿ ಕಾರ್ಮೆನ್ ಮೌರಾ ವಹಿಸಿದ್ದರೆ, ನಿಜಜೀವನದಲ್ಲಿ ಟ್ರಾನ್ಸ್ ಮಹಿಳೆಯಾದ ಬಿಬಿ ಆಂದರ್ಸೆನ್ ಮಗುವೊಂದರ ತಾಯಿಯ ಪಾತ್ರದಲ್ಲಿದ್ದಾರೆ. ಸ್ತ್ರೀವೇಷಕ್ಕೆಂದೇ ರಾತ್ರಿಯಿಡೀ ಯಕ್ಷಗಾನ ನೋಡಿದ ಕರಾವಳಿಯ ಪ್ರೇಕ್ಷಕನಿಗೆ ಈ ಅದಲುಬದಲು ಒಗಟಾಗದು.

ಹೊಗಳಿಕೆಯೊಂದಿಗೆ ನನ್ನ ತಕರಾರು ಇರುವುದು ಕೊನೆಯ ಭಾಗದಲ್ಲಿ. ಬೀದಿಯಲ್ಲಿ ಪೊಲೀಸರು ಕಾದಿರುವಾಗ ಆಂತೋನಿಯೊ ಪಾಬ್ಲೊನೊಂದಿಗೆ ಒಂದೇ ಒಂದು ಗಂಟೆ ಬೇಡುತ್ತಾನೆ, ಅದು ಮುಗಿದೊಡನೆ ತನ್ನನ್ನೇ ಕೊಂದುಕೊಳ್ಳುತ್ತಾನೆ. ಆ ಪಾತ್ರದ ನಟ ಆಂತೋನಿಯೊ ಬಾಂದೆರಾಸ್ ಅದನ್ನು ಎಷ್ಟು ಆರ್ದ್ರವಾಗಿ ಅಭಿನಯಿಸಿದ್ದಾನೆಂದರೆ ನನ್ನ ಕಣ್ಣೂ ಒದ್ದೆಯಾಯಿತು. ಬಂಡೆಯಿಂದ ಬಿದ್ದ ಹುವಾನನ ನೆನಪು ನನಗೆ ಬಂದದ್ದು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ.