ತೇವಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದಾ?

ಇಂಗ್ಲೆಂಡಿನ ಹಳೇ ಕಲ್ಲಿದ್ದಲ ಗಣಿಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಾ ಕೂತಿದ್ದೆ. ಒಂದು ಸಾಲಿಗೆ ಬಂದಾಗ ಕೈ ನಿಂತುಹೋಯಿತು. 1812ರ ಮೇ 25ರಂದು ಈಶಾನ್ಯ ಇಂಗ್ಲೆಂಡಿನ ಫೆಲಿಂಗ್ ಗಣಿಯೊಳಗೆ 'ಫೈರ್‌ಡ್ಯಾಂಪ್' ಹೊತ್ತಿಕೊಂಡು 92 ಮಂದಿ ಸತ್ತರು, ಅವರಲ್ಲಿ ಚಿಕ್ಕ ಹುಡುಗರೂ ಇದ್ದರು ಅಂತ ಅದರಲ್ಲಿತ್ತು. ಡ್ಯಾಂಪ್ ಅಂದರೆ ನಮಗೆಲ್ಲ ಗೊತ್ತಿರೋದು ತೇವ, ಪಸೆ. ಮಳೆಗಾಲದಲ್ಲಿ ಗೋಡೆಗೆ ಬರುವಂಥದ್ದು. ಅದು ಹೊತ್ತಿಕೊಳ್ಳೋದು ಹೇಗೆ?

ಆ ಒಂದು ಪದದ ಹಿಂದೆ ಹೋದವನು ಮೂರು ದಿನ ಇಂಗ್ಲಿಷಿನ ಒದ್ದೆ ಪದಗಳಲ್ಲೇ ಓಡಾಡಿಕೊಂಡಿದ್ದೆ.

ಡ್ಯಾಂಪ್ ಇಂಗ್ಲಿಷಿಗೆ ಬಂದಿದ್ದು ಸಮುದ್ರದ ಆಚೆಯಿಂದ, ಹಳೇ ಡಚ್ ಮತ್ತು ಉತ್ತರ ಜರ್ಮನಿಯ ಮಾತುಗಳಿಂದ. ಅಲ್ಲಿ ಅದರ ಅರ್ಥ ಆವಿ. ಜರ್ಮನ್ನಿನಲ್ಲಿ ಇವತ್ತಿಗೂ 'ಡಾಂಪ್ಫ್' ಅಂದರೆ ಆವಿಯೇ, ಒದ್ದೆ ಅಲ್ಲ. ಇಂಗ್ಲಿಷಿನಲ್ಲೂ ಮೊದಲು ಅದು ನೆಲದಡಿಯಿಂದ ಏಳುವ ಕೆಟ್ಟ ಗಾಳಿ, ಉಸಿರು ಕಟ್ಟಿಸುವ ವಿಷದ ಆವಿ. 'ಒದ್ದೆ' ಅನ್ನೋ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದು 18ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಮೇಲಿನ ಜನ ಹಳೇ ಅರ್ಥವನ್ನು ಮರೆಯತೊಡಗಿದ್ದರು. ಗಣಿಯ ಜನ ಮರೆಯಲಿಲ್ಲ, ಮರೆಯುವ ಹಾಗೂ ಇರಲಿಲ್ಲ.

ಅವರು ಪ್ರತಿಯೊಂದು ಗಾಳಿಗೂ ಬೇರೆ ಬೇರೆ ಹೆಸರಿಟ್ಟಿದ್ದರು. ಹೊತ್ತಿಕೊಳ್ಳುವ ಮೀಥೇನ್ ಫೈರ್‌ಡ್ಯಾಂಪ್. ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕ ಸೇರಿ ಉಸಿರು ನಿಲ್ಲಿಸುವುದು ಬ್ಲ್ಯಾಕ್‌ಡ್ಯಾಂಪ್. ಕೊಳೆತ ಮೊಟ್ಟೆಯ ನಾತ ಹೊಡೆಯುವುದು ಸ್ಟಿಂಕ್‌ಡ್ಯಾಂಪ್. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವೈಟ್‌ಡ್ಯಾಂಪ್. ಇದನ್ನು ಪತ್ತೆ ಹಚ್ಚೋಕೆ ಅಂತಲೇ ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ, ವಿಷಗಾಳಿಗೆ ಮನುಷ್ಯರಿಗಿಂತ ಮೊದಲೇ ಕುಸಿಯುವ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದರು. ಇನ್ನು ಸ್ಫೋಟ ಆದಮೇಲೆ ಸುರಂಗದಲ್ಲಿ ಉಳಿಯುವ ಗಾಳಿ ಆಫ್ಟರ್‌ಡ್ಯಾಂಪ್. ಬೆಂಕಿಯಿಂದ ತಪ್ಪಿಸಿಕೊಂಡವರನ್ನು ಕೊಲ್ಲುತ್ತಿದ್ದದ್ದು ಇದೇ. ಎಷ್ಟೋ ಗಣಿಗಳಲ್ಲಿ ಸಿಡಿತಕ್ಕಿಂತ ಜಾಸ್ತಿ ಜನ ಸತ್ತಿದ್ದು ಈ ಗಾಳಿಯಿಂದ.

ಫೆಲಿಂಗ್ ದುರಂತ ಆಗಿ ಮೂರು ವರ್ಷಕ್ಕೆ, 1815ರಲ್ಲಿ, ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಗಣಿಯವರಿಗಾಗಿ ತನ್ನ ದೀಪ ತಂದ. ಉರಿಯ ಸುತ್ತ ಸಣ್ಣ ತಂತಿಯ ಜಾಲರಿ, ಅಷ್ಟೇ. ಜಾಲರಿ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ಉರಿ ಹೊರಗಿನ ಗಾಳಿಗೆ ದಾಟುವುದಿಲ್ಲ. ನನಗೆ ಇಷ್ಟವಾಗಿದ್ದು ಗಣಿಯವರು ಆ ದೀಪವನ್ನು ಓದುತ್ತಿದ್ದ ರೀತಿ. ಬತ್ತಿಯನ್ನು ಚಿಕ್ಕದು ಮಾಡಿ, ದೀಪವನ್ನು ಮೆಲ್ಲಗೆ ಚಾವಣಿಯ ಹತ್ತಿರ ಎತ್ತುತ್ತಿದ್ದರು, ಯಾಕೆಂದರೆ ಮೀಥೇನ್ ಗಾಳಿಗಿಂತ ಹಗುರ, ಮೇಲೆ ಹೋಗಿ ಸೇರಿಕೊಳ್ಳುತ್ತದೆ. ಉರಿಯ ಮೇಲೆ ತೆಳು ನೀಲಿ ಟೋಪಿಯಂಥ ಇನ್ನೊಂದು ಉರಿ ಕಂಡರೆ ಫೈರ್‌ಡ್ಯಾಂಪ್ ಇದೆ ಅಂತ ಅರ್ಥ. ಕೆಳಗೆ ತಂದಾಗ ಉರಿ ಮಂಕಾಗಿ ಆರಿಹೋದರೆ ಬ್ಲ್ಯಾಕ್‌ಡ್ಯಾಂಪ್. ಇಂಥ ಜಾಗದಲ್ಲಿ ಹುಟ್ಟಿದ ಪದಕ್ಕೆ ನಾನು ಗೋಡೆಯ ಪಸೆಯ ಅರ್ಥ ಹಚ್ಚಲು ಹೊರಟಿದ್ದೆ.

ಈ ಉಸಿರುಕಟ್ಟಿಸುವ ಅರ್ಥ ಪೂರ್ತಿ ಸತ್ತಿಲ್ಲ. ಪಿಯಾನೋದಲ್ಲಿ ತಂತಿಯ ಮೇಲೆ ಕೂತು ನಾದ ನಿಲ್ಲಿಸುವ ಭಾಗದ ಹೆಸರು ಡ್ಯಾಂಪರ್. ಒಲೆಯ ಗಾಳಿ ತಡೆದು ಉರಿ ತಗ್ಗಿಸುವ ತಗಡೂ ಡ್ಯಾಂಪರ್. ಎರಡರಲ್ಲೂ ನೀರಿನ ಮಾತೇ ಇಲ್ಲ, ನೋಡಿ. ಎರಡೂ ಉಸಿರು ಹಿಡಿಯುವ ಕೆಲಸ.

ಆಮೇಲೆ ಕಣ್ಣಿಗೆ ಬಿದ್ದಿದ್ದು ಡ್ರೆಂಚ್. ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತು. ಇದು ಕುಡಿಯುವುದು ಅನ್ನುವ ಡ್ರಿಂಕ್ ಪದದ ಒಡಹುಟ್ಟು. ಹಳೇ ಇಂಗ್ಲಿಷಿನಲ್ಲಿ 'ಡ್ರೆಂಕನ್' ಅಂದರೆ ಕುಡಿಸು. ಕನ್ನಡದವರಿಗೆ ಇದನ್ನು ವಿವರಿಸಿ ಹೇಳುವುದೇ ಬೇಡ. ಕುಡಿ, ಕುಡಿಸು. ಬೀಳು, ಬೀಳಿಸು. ಕೂರು, ಕೂರಿಸು. ನಾವು ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನು ಇಂಗ್ಲಿಷ್ ಒಂದು ಕಾಲದಲ್ಲಿ ಪದದ ಒಳಗಿನ ಸ್ವರ ಬದಲಿಸಿ ಮಾಡುತ್ತಿತ್ತು. ಆ ದಾರಿ ಅಲ್ಲಿ ಮುಚ್ಚಿಹೋಗಿದೆ, ಕೆಲವು ಜೋಡಿಗಳು ಮಾತ್ರ ಉಳಿದಿವೆ: ಸಿಟ್ ಮತ್ತು ಸೆಟ್, ಫಾಲ್ ಮತ್ತು ಫೆಲ್ (ಮರ ಕಡಿದು ಬೀಳಿಸುವುದು), ಡ್ರಿಂಕ್ ಮತ್ತು ಡ್ರೆಂಚ್. ದನಕರುಗಳ ಬಾಯಿಗೆ ಔಷಧಿ ಹೊಯ್ಯುವುದಕ್ಕೆ ಇಂಗ್ಲಿಷ್ ರೈತರು ಈಗಲೂ ಡ್ರೆಂಚ್ ಅನ್ನುತ್ತಾರೆ, ಅಂದರೆ ಮೂಲ ಅರ್ಥ ಕೊಟ್ಟಿಗೆಯಲ್ಲಿ ಹಾಗೇ ಇದೆ. ನಾವು ಗದ್ದೆಗೆ ನೀರುಣಿಸುತ್ತೇವೆ. ಅವರು ನೆಲಕ್ಕೆ ನೀರು ಕುಡಿಸುತ್ತಿದ್ದರು. ಎರಡೂ ಕಡೆ ನೆಲಕ್ಕೆ ಬಾಯಿದೆ.

ವೆಟ್ ಮತ್ತು ವಾಟರ್ ಒಂದೇ ಬೇರಿನವು ಅಂತ ಕಿವಿಗೇ ಗೊತ್ತಾಗುತ್ತದೆ. ಅದೇ ಬೇರಿನಿಂದ ನೀರುನಾಯಿಗೆ ಆಟರ್ ಅನ್ನೋ ಹೆಸರು ಬಂತು, ರಷ್ಯನ್ನರ ವೋಡ್ಕಾ ಬಂತು, ಸಂಸ್ಕೃತದ ದಾರಿಯಲ್ಲಿ ನಮ್ಮ ಬಾಯಲ್ಲಿರುವ 'ಉದಕ'ವೂ ಬಂತು. ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಯಿತು.

ಜೌಗು ನೆಲದ ಪದಗಳಂತೂ ಒಂದೊಂದೂ ಒಂದೊಂದು ಕಡೆಯಿಂದ ಬಂದವು. ಫೆನ್ ಮತ್ತು ಮಾರ್ಶ್ ಹಳೇ ಇಂಗ್ಲಿಷಿನವು. ಮೈರ್ ವೈಕಿಂಗರ ಮಾತಿನಿಂದ ಬಂತು. ಬಾಗ್ ಬಂದಿದ್ದು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಗೇಲಿಕ್‌ನಿಂದ, ಅಲ್ಲಿ 'ಬಾಗ್' ಅಂದರೆ ಬರೀ 'ಮೆತ್ತಗೆ' ಅಂತ. ಕಾಲಿಟ್ಟವನಿಗೆ ಮೊದಲು ಗೊತ್ತಾಗುವುದು ಅದೇ ತಾನೆ. ಸ್ವಾಂಪ್ ಬರಹದಲ್ಲಿ ಮೊದಲು ಸಿಗುವುದು 1624ರಲ್ಲಿ, ಅಮೆರಿಕದ ವರ್ಜೀನಿಯಾ ನೆಲದ ಬಗ್ಗೆ. ಮೊರಾಸ್ ಡಚ್ಚಿನಿಂದ ಬಂತು, ಆದರೆ ಡಚ್ಚರಿಗೆ ಅದನ್ನು ಕೊಟ್ಟಿದ್ದು ಫ್ರೆಂಚ್, ಫ್ರೆಂಚಿಗೆ ಕೊಟ್ಟಿದ್ದು ಮಾರ್ಶ್ ಪದದ ಜರ್ಮನಿಕ್ ನೆಂಟರು. ಹಾಗಾಗಿ ಮಾರ್ಶ್ ಮತ್ತು ಮೊರಾಸ್ ಯಾವತ್ತೋ ಬೇರೆಯಾಗಿ, ನೂರಾರು ವರ್ಷ ಸುತ್ತಿಕೊಂಡು, ಇಂಗ್ಲಿಷಿನಲ್ಲಿ ಮತ್ತೆ ಅಕ್ಕಪಕ್ಕ ಕೂತಿವೆ. ಮಾರ್ಶ್‌ಮ್ಯಾಲೋ ಮಿಠಾಯಿಯ ಹೆಸರಲ್ಲಿರೋದೂ ಇದೇ ಜೌಗು. ಜೌಗಿನಲ್ಲಿ ಬೆಳೆಯುವ ಮ್ಯಾಲೋ ಗಿಡದ ಬೇರಿನ ಲೋಳೆಯಿಂದ ಅದನ್ನು ಮೊದಲು ಮಾಡುತ್ತಿದ್ದರು. ಕ್ವಾಗ್‌ಮೈರ್ ನನಗೆ ಬಹಳ ಇಷ್ಟ. ಕ್ವಾಗ್ ಅಂದರೆ ನಡುಗು, ಮೈರ್ ಅಂದರೆ ಹುದುಲು. ನಡುಗುವ ಹುದುಲು. ತುಳಿದರೆ ಅಲುಗುವ ನೆಲಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಮಿಲ್‌ಡ್ಯೂ ಅಂದರೆ ಬೂಷ್ಟು. ಪದವನ್ನು ಬಿಡಿಸಿದರೆ ಸಿಗೋದು ಜೇನು ಮತ್ತು ಇಬ್ಬನಿ. ಎಲೆಗಳ ಮೇಲೆ ಗಿಡಹೇನು ಬಿಡುವ ಸಿಹಿ ಅಂಟನ್ನು ಹಿಂದಿನವರು ಆಕಾಶದಿಂದ ಇಳಿದ ಜೇನಿಬ್ಬನಿ ಅಂದುಕೊಂಡಿದ್ದರು. ಆ ಅಂಟಿನ ಮೇಲೆ ಬೂಷ್ಟು ಕಟ್ಟುತ್ತದೆ. ಕ್ರಮೇಣ ಜೇನು ಹೋಯಿತು, ಹೆಸರು ಬೂಷ್ಟಿನ ಪಾಲಾಯಿತು.

ಒಂದು ತಪ್ಪು ಕಥೆ ಮಾತ್ರ ಎಲ್ಲ ಕಡೆ ಓಡಾಡುತ್ತಿದೆ, ಅದನ್ನು ಹೇಳಲೇಬೇಕು. ಹೆಸರು ಕೆಟ್ಟವನನ್ನು ಇಂಗ್ಲಿಷಿನಲ್ಲಿ 'ಅವನ ಹೆಸರೇ ಮಡ್' ಅನ್ನುತ್ತಾರೆ. ಮಡ್ ಅಂದರೆ ಕೆಸರು. 1865ರಲ್ಲಿ ಲಿಂಕನ್ ಅವರನ್ನು ಕೊಂದ ಬೂತ್‌ನ ಮುರಿದ ಕಾಲಿಗೆ ಕಟ್ಟು ಹಾಕಿದ ಡಾಕ್ಟರ್ ಸ್ಯಾಮ್ಯುಯೆಲ್ ಮಡ್ ಅವರಿಂದ ಈ ಮಾತು ಬಂತು ಅಂತ ಕಥೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಜ ಅಲ್ಲ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೀದಿಮಾತಿನ ನಿಘಂಟಿನಲ್ಲೇ ಈ ಮಾತು ಇದೆ. ಆ ಡಾಕ್ಟರ್ ಇನ್ನೂ ಹುಟ್ಟಿರಲಿಲ್ಲ. ಮಾಡದ ತಪ್ಪನ್ನು ಸುಮ್ನೆ ಒಬ್ಬರ ತಲೆಗೆ ಕಟ್ಟುವುದು ನನಗೆ ಹಿಡಿಸುವುದಿಲ್ಲ, ಅದು ಒಂದು ನುಡಿಗಟ್ಟಿನ ವಿಷಯವಾದರೂ ಸರಿ.

ಕೆಸರಿಗೆ ನಿಜವಾದ ಸಿರಿ ಇರೋದು ಹಳ್ಳಿಯವರ ಬಾಯಲ್ಲಿ. ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಡಬ್ಲ್ಯು. ಡಿ. ಪ್ಯಾರಿಷ್ ಅನ್ನುವ ಪಾದ್ರಿ ಇದ್ದರು. ತಮ್ಮ ಸುತ್ತಲಿನವರ ಮಾತನ್ನು ಕೂಡಿಸಿ 1875ರಲ್ಲಿ ಸಸೆಕ್ಸ್ ನುಡಿಯ ನಿಘಂಟು ಹೊರತಂದರು. ಅಲ್ಲಿಯ ಮಣ್ಣು ಭಾರದ ಜೇಡಿ, ಮಳೆ ಬಂದರೆ ಗಾಡಿ ಹೂತುಹೋಗುವಂಥದ್ದು. ಹಾಗಾಗಿ 'ಕೆಸರು' ಅಂತ ಒಂದೇ ಮಾತು ಹೇಳಿದರೆ ಅವರಿಗೆ ಸಾಲುತ್ತಿರಲಿಲ್ಲ. ಸ್ಟಗ್ ಅಂದರೆ ನೀರು ಜಾಸ್ತಿಯಾದ ಕೆಸರು. ಸ್ಲ್ಯಾಬ್ ಅಂದರೆ ತೀರಾ ಗಟ್ಟಿ ಕೆಸರು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಲ್ಲಿ ಮಾಟಗಾತಿಯರು ಕುದಿಸುವ ಗಂಜಿಗೂ ಇದೇ ಪದ, ಮಂದವಾಗಿ ಲೋಳೆಲೋಳೆಯಾಗಿರಲಿ ಅಂತ. ಸ್ಟಾಜ್ ಅಂದರೆ ಕಾಲು ಕಿತ್ತುಕೊಳ್ಳಲು ಬಿಡದ ಮಂದ ಕೆಸರು. ಇವತ್ತು ಹೊಟ್ಟೆಯಲ್ಲಿ ಭಾರವಾಗಿ ಕೂರುವ ಊಟಕ್ಕೆ, ಚುರುಕಿಲ್ಲದ ಮನುಷ್ಯನಿಗೆ ಇಂಗ್ಲಿಷಿನವರು ಹೇಳುವ ಸ್ಟಾಜಿ ಇದರದ್ದೇ ಬಳಗ. ಗಬ್ಬರ್ ಅಂದರೆ ಕೊಳೆತದ್ದೆಲ್ಲ ಸೇರಿ ಕಪ್ಪಾದ ಕೆಸರು. ನಮ್ಮ ಗಬ್ಬಿಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಕಿವಿಗೆ ಸರಿಯಾಗೇ ಕೇಳಿಸುತ್ತದೆ, ಅಲ್ವಾ?

ಇವುಗಳಲ್ಲಿ ಒಂದು ಮಾತ್ರ ಕ್ರಿಯಾಪದ: ಸ್ಟೋಚ್. ಒದ್ದೆ ನೆಲವನ್ನು ದನಗಳು ತುಳಿದು ತುಳಿದು ರಾಡಿ ಮಾಡುವುದು. ಬೇಲಿಯ ಬಾಗಿಲ ಹತ್ತಿರ ದನಗಳೆಲ್ಲ ಒಟ್ಟಿಗೆ ನುಗ್ಗುವ ಜಾಗ, ಒಂದೊಂದು ಗೊರಸಿನ ಗುಂಡಿಯಲ್ಲೂ ಅರ್ಧ ನೀರು, ಗುಂಡಿಯ ಅಂಚು ಕುಸಿದು ಪಕ್ಕದ ಗುಂಡಿಗೆ ಸೇರಿಕೊಂಡಿದೆ. ಇಷ್ಟಕ್ಕೂ ಅವರಿಗೆ ಒಂದೇ ಮಾತು ಸಾಕಿತ್ತು.

ಮೂರು ದಿನ ಆದಮೇಲೆ ಗಣಿಯ ಸಾಲಿಗೆ ವಾಪಸ್ ಬಂದೆ. 'ತೇವ' ಅಂತ ಬರೆದಿದ್ದನ್ನು ಹೊಡೆದುಹಾಕಿ 'ಉರಿಯಾವಿ' ಅಂತ ಬರೆದೆ. ಡ್ಯಾಂಪ್ ಮೊದಲು ಆವಿಯೇ ಆಗಿತ್ತಲ್ಲ, ಹಾಗಾಗಿ ಕನ್ನಡದಲ್ಲಿ ಅದು ತನ್ನ ಹಳೇ ಅರ್ಥಕ್ಕೇ ಮರಳಿದ ಹಾಗಾಯಿತು. ಬ್ಲ್ಯಾಕ್‌ಡ್ಯಾಂಪ್‌ಗೆ 'ಕಪ್ಪಾವಿ' ಒಗ್ಗಿತು. ಆಫ್ಟರ್‌ಡ್ಯಾಂಪ್‌ಗೆ ಏನೇನೋ ಬರೆದು ನೋಡಿದೆ, ಬೆಂಕಿಯನ್ನು ದಾಟಿ ಬದುಕಿದವನು ಹತ್ತು ಹೆಜ್ಜೆ ನಡೆದು ಉರುಳಿ ಬೀಳುವುದನ್ನು ಹೇಳುವ ಪದ ಸಿಗಲಿಲ್ಲ. ಆ ಜಾಗವನ್ನು ಈಗಲೂ ಖಾಲಿ ಬಿಟ್ಟಿದ್ದೇನೆ.