ಮ್ಯಾನ್‌ಹೋಲ್ ತೆರೆದಾಕ್ಷಣ ಇಳಿಯುವಂತಿಲ್ಲ

1948ರ ಕಾರ್ಖಾನೆ ಕಾಯ್ದೆಯಲ್ಲಿ 1000 ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯವಾಗಿತ್ತು. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅದನ್ನು 500ಕ್ಕೆ, ಅಪಾಯಕಾರಿ ಪ್ರಕ್ರಿಯೆ ಇರುವಲ್ಲಿ 250ಕ್ಕೆ ಇಳಿಸಿತು. ಹಾಗಾಗಿ ಸಕ್ಕರೆಯಿಂದ ಸಿಮೆಂಟಿಗೆ, ಸಿಮೆಂಟಿನಿಂದ ಉಕ್ಕಿಗೆ ಕೆಲಸ ಬದಲಿಸುವ ಸೇಫ್ಟಿ ಆಫೀಸರ್‌ಗಳು ಇನ್ನೂ ಹೆಚ್ಚುತ್ತಾರೆ. ಟ್ಯಾಂಕು, ಗುಂಡಿಯಂಥ ಮುಚ್ಚಿದ ಜಾಗಕ್ಕೆ ಇಳಿಯಲು ಅನುಮತಿ ಬರೆದುಕೊಡುವ ಪರ್ಮಿಟ್ ಪುಸ್ತಕ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಳಗಿನ ಅಪಾಯ ಮಾತ್ರ ಬೇರೆ.

ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕಿನಲ್ಲಿ ಉಳಿದ ತಳ ಹುಳಿತರೆ ಇಂಗಾಲದ ಡೈಆಕ್ಸೈಡ್ ಕೆಳಗೇ ಕೂತಿರುತ್ತದೆ. ತ್ಯಾಜ್ಯನೀರಿನ ಗುಂಡಿಯದು ಇನ್ನೂ ಕೆಟ್ಟ ಗುಣ. ಮೇಲಿನಿಂದ ಅನಿಲ ಅಳೆಯುವ ಮೀಟರ್ ಇಳಿಬಿಟ್ಟಾಗ ಸೊನ್ನೆ ತೋರಿಸುತ್ತದೆ. ಕಾರ್ಮಿಕ ಇಳಿದು ಕೆಸರು ತುಳಿದೊಡನೆ ಹೈಡ್ರೋಜನ್ ಸಲ್ಫೈಡ್ ಗುಳ್ಳೆಗಟ್ಟಿ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದೀತು ಎಂದು ಕಾಯಬೇಡಿ: 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಸುತ್ತ ಮೂಗೇ ಮರಗಟ್ಟುತ್ತದೆ. ಅದಕ್ಕೇ ಒಮ್ಮೆ ಪರೀಕ್ಷಿಸಿ ಸಹಿ ಹಾಕಿದರೆ ಸಾಲದು, ಇಳಿದವನ ಎದೆಯ ಮೇಲೆ ಮೀಟರ್ ಓಡುತ್ತಲೇ ಇರಬೇಕು.

ಉಕ್ಕಿನ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸುವ ಕುಲುಮೆ) ಅನಿಲದಲ್ಲಿ ಸುಮಾರು ಕಾಲು ಭಾಗ ಕಾರ್ಬನ್ ಮಾನಾಕ್ಸೈಡ್ (ಸಿಒ), ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಹೊರದಬ್ಬಲು ಬಿಟ್ಟ ನೈಟ್ರೋಜನ್ ಕೂಡ ಅಷ್ಟೇ ಮೌನವಾಗಿ ಕೊಲ್ಲುತ್ತದೆ. ಸಿಒ ಮೀಟರ್ ಸೊನ್ನೆ ತೋರಿಸುತ್ತಿರುತ್ತದೆ, ಆಮ್ಲಜನಕ ಮಾತ್ರ ಇರುವುದಿಲ್ಲ. ಸಿಮೆಂಟಿನ ಪ್ರಿಹೀಟರ್‌ನಲ್ಲಿ, ಅಂದರೆ ಕಚ್ಚಾ ಪುಡಿಯನ್ನು ಮೊದಲೇ ಕಾಯಿಸುವ ಗೋಪುರದಲ್ಲಿ, ಮುಖ್ಯ ಚಿಂತೆ ಅನಿಲದ್ದಲ್ಲ. ಕೆಳಗಿನ ಸೈಕ್ಲೋನ್ (ಪುಡಿ ಸುತ್ತುತ್ತ ಇಳಿಯುವ ಕೊಳವೆಪಾತ್ರೆ) ಕಟ್ಟಿಕೊಂಡಾಗ ಮೇಲೆ ನಿಂತ 800 ಡಿಗ್ರಿಯ ಪುಡಿ ಒಮ್ಮೆಲೇ ನೀರಿನಂತೆ ಹರಿದುಬರುತ್ತದೆ. ಕಟ್ಟಿದ ಪುಡಿಯನ್ನು ಗಾಳಿ ಊದಿ ಬಿಡಿಸುವ ಏರ್ ಬ್ಲಾಸ್ಟರ್‌ಗಳ ಗಾಳಿ ಕಡಿದು, ಒತ್ತಡ ಖಾಲಿ ಮಾಡದೆ ಪೋಕಿಂಗ್ ಬಾಗಿಲು (ಸಲಾಕೆಯಿಂದ ತಿವಿಯುವ ಕಿಂಡಿ) ತೆಗೆಯಲೇಬಾರದು.

ಈಗ ಮೀಟರ್. ಬೆಳಿಗ್ಗೆ ಬಂಪ್ ಟೆಸ್ಟ್ ಮಾಡಿ, ಅಂದರೆ ಗೊತ್ತಿರುವ ಅನಿಲ ಕೊಟ್ಟು ಅಲಾರಂ ಕೂಗುತ್ತದೆಯೇ ನೋಡಿ. ಮೊದಲು ಆಮ್ಲಜನಕ ಓದಿ: 19.5ರಿಂದ 23.5 ಶೇಕಡಾ ಇರಬೇಕು. ದಹನಶೀಲ ಅನಿಲ ಹಿಡಿಯುವ ಮಾಮೂಲಿ ಸೆನ್ಸರ್ ಆಮ್ಲಜನಕ ಇದ್ದರಷ್ಟೇ ಕೆಲಸ ಮಾಡುತ್ತದೆ. ಗಾಳಿ ಬಡವಾದರೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಮೀಟರಿಗೆ ಜೋಡಿಸಿದ ಉದ್ದದ ಟ್ಯೂಬ್ ಇಳಿಸಿದಾಗ ಅನಿಲ ಮೇಲೇರಲು ಸಮಯ ಬೇಕು. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಅಂಕಿ ಸ್ಥಿರವಾಗುವವರೆಗೆ ಕಾಯಿರಿ.

ವಾಲ್ವ್ ಮುಚ್ಚಿದ್ದೇವೆ ಎಂಬ ಮಾತಿಗೆ ಪರ್ಮಿಟ್ ಕೊಡಬೇಡಿ. ಹಳೆಯ ವಾಲ್ವ್ ಪಾಸ್ ಆಗುತ್ತದೆ, ಅಂದರೆ ಮುಚ್ಚಿದರೂ ಸೋರುತ್ತದೆ. ಫ್ಲ್ಯಾಂಜ್ (ಪೈಪಿನ ಬೋಲ್ಟ್ ಹಾಕಿದ ಜೋಡಣೆ) ಬಿಚ್ಚಿ, ದಾರಿ ಮುಚ್ಚುವ ಬ್ಲೈಂಡ್ ಪ್ಲೇಟ್ ಹಾಕಿದ್ದನ್ನು ಕಣ್ಣಾರೆ ನೋಡಿ. ಒಳಗಿನ ಕೈದೀಪ 24 ವೋಲ್ಟ್ ಮೀರಕೂಡದು.

ಮ್ಯಾನ್‌ಹೋಲ್ ಬಾಯಿಯ ಬಳಿ ನಿಂತು ಕಾಯುವ ಸ್ಟ್ಯಾಂಡ್‌ಬೈ ಕಾರ್ಮಿಕನಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ, ಸ್ಪ್ಯಾನರ್ ತರಲೂ ಕಳಿಸಬೇಡಿ. ಒಳಗಿನವನು ಕುಸಿದರೆ ಗೆಳೆಯನನ್ನು ಉಳಿಸಲು ಅವನೂ ಧುಮುಕುತ್ತಾನೆ. ಎರಡನೆಯ ಸಾವು ಆಗುವುದು ಹೀಗೆ. ಟ್ರೈಪಾಡ್ (ಮುಕ್ಕಾಲಿ), ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಇಳಿದವನ ಮೈಪಟ್ಟಿಯಾದ ಹಾರ್ನೆಸ್‌ಗೆ ಕಟ್ಟಿದ ಹಗ್ಗ ಮೊದಲೇ ಸಜ್ಜಾಗಿರಲಿ, ಹೊರಗಿನಿಂದಲೇ ಎಳೆಯುವುದನ್ನು ಮರಳುಚೀಲ ಕಟ್ಟಿ ಅವನಿಂದಲೇ ಒಮ್ಮೆ ಮಾಡಿಸಿ ನೋಡಿ.