ಮೋರೆ ನೋಡದೆ ಮಾಡಿದ ಲೆಕ್ಕ

ಮೂರನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಲೆಕ್ಕ ಮಾಡುವಾಗ ಒಂದು ಅಭ್ಯಾಸವಿದೆ. ಉತ್ತರ ಬರೆದ ಕೂಡಲೇ ತಲೆಯೆತ್ತಿ ನನ್ನ ಮೋರೆ ನೋಡುತ್ತಾಳೆ. ನಾನು ತುಸು ಹುಬ್ಬೇರಿಸಿದರೂ ಸಾಕು, ಸರಿಯಾಗಿದ್ದ ಉತ್ತರವನ್ನೇ ರಬ್ಬರಿನಿಂದ ಅಳಿಸಿ ಇನ್ನೊಂದನ್ನು ಬರೆಯುತ್ತಾಳೆ. ಮನೆಯಲ್ಲಿ ಮಾಡಿಸಬಹುದಾದ ಗಣಿತ ಚಟುವಟಿಕೆಗಳ ಹಾಳೆಯೊಂದು ಶಾಲೆಯಿಂದ ಬಂದಿತ್ತು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಓದು, ಬರಹ, ಸರಳ ಲೆಕ್ಕ ಬರಬೇಕೆಂಬ ಗುರಿಯಿಟ್ಟು 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಆರಂಭವಾಗಿದೆಯಲ್ಲ, ಆ ಗುರಿಯಲ್ಲಿ ಮನೆಯವರ ಪಾಲೂ ಇದೆ ಎಂಬುದು ಹಾಳೆಯ ಧಾಟಿ. ಮೊದಲನೆಯ ಚಟುವಟಿಕೆ ಹೀಗಿತ್ತು: ತೊಗರಿ, ಹೆಸರು, ಕಡಲೆಗಳನ್ನು ಒಂದು ತಾಟಿನಲ್ಲಿ ಬೆರೆಸಿ, ಮಗುವಿಗೆ ಬೇರ್ಪಡಿಸಿ ಎಣಿಸಲು ಹೇಳಿರಿ.

ಗದಗಿನ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅವ್ವ ಇದನ್ನು ಕೇಳಿ ನಕ್ಕುಬಿಟ್ಟರು. “ಚೊಲೋ ಕಾಳ ಕೂಡಿಸಿ ಮತ್ತ ಬ್ಯಾರೆ ಮಾಡಸೂದು ಯಾಕವಾ? ಕೂಸಿಗೆ ಖರೇ ಕೆಲಸ ಇಲ್ಲೇನು ಮನ್ಯಾಗ?” ಅಂದು ಭಾನುವಾರ. ಹುಬ್ಬಳ್ಳಿಯ ನಮ್ಮ ಮನೆಗೆ ನನ್ನ ಮೈದುನನ ಕುಟುಂಬ ಊಟಕ್ಕೆ ಬರುವುದಿತ್ತು, ಖರೇ ಕೆಲಸಕ್ಕೆ ಬರವಿರಲಿಲ್ಲ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದ್ದರೆ ಅದು ಪರೀಕ್ಷೆಯೇ, ಎಷ್ಟೇ ಆಟದ ರೂಪ ಕೊಟ್ಟರೂ ಮಕ್ಕಳಿಗೆ ಅದು ತಿಳಿದುಹೋಗುತ್ತದೆ. ಮೆಟ್ಟಿಲು ಹತ್ತುವಾಗಲೆಲ್ಲ “ಎಣಿಸು, ಎಣಿಸು” ಎನ್ನುವ ತಂದೆತಾಯಿಗಳನ್ನು ಕಂಡರೆ ನನಗೆ ಆ ಮಕ್ಕಳ ಬಗ್ಗೆಯೇ ಕನಿಕರ. ಅವ್ವ ಕೇಳಿದ್ದು ಬೇರೆ ಜಾತಿಯ ಪ್ರಶ್ನೆ. “ತಂಗೀ, ಎಷ್ಟ ರೊಟ್ಟಿ ಬೇಕಾಗ್ತಾವ ಹೇಳು, ನಾ ಹಿಟ್ಟ ತಗೀತೀನಿ” ಎಂದರು. ಅದರ ಉತ್ತರ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ದೊಡ್ಡವರು ಒಂಬತ್ತು ಜನ, ಮಕ್ಕಳು ನಾಲ್ವರು. ದೊಡ್ಡವರಿಗೆ ಎರಡೆರಡು, ಮಕ್ಕಳಿಗೆ ಒಂದೊಂದು ಎಂದು ಮಗಳೇ ನಿರ್ಧರಿಸಿ, ಬೆರಳು ಮಡಿಚುತ್ತ ಇಪ್ಪತ್ತೆರಡಕ್ಕೆ ಬಂದಳು. ಅವ್ವ ಮೊದಲು ಒಂದು ಪಾವು ಜೋಳದ ಹಿಟ್ಟನ್ನು ನಾದಿ, ಬಡಿದು ತೋರಿಸಿದರು. ಮೂರು ರೊಟ್ಟಿ ಆದವು. ಹಾಗಾದರೆ ಇಪ್ಪತ್ತೆರಡಕ್ಕೆ ಎಷ್ಟು ಪಾವು? ಮಗಳು ಡಬ್ಬಿಯಿಂದ ಶೇಂಗಾ ತಂದು ನೆಲದ ಮೇಲೆ ಮೂರು ಮೂರರಂತೆ ಇಡುತ್ತ ಹೋದಳು. ಏಳು ಗುಂಪಾಗಿ ಒಂದು ಬೀಜ ಉಳಿಯಿತು. “ಏಳು ಪಾವು, ಶೇಷ ಒಂದು” ಎಂದು ಪುಸ್ತಕದ ರೀತಿಯಲ್ಲೇ ಹೇಳಿದಳು. ಅವ್ವ ಉಳಿದ ಬೀಜವನ್ನು ಬೆರಳಿನಿಂದ ಮುಟ್ಟಿ, “ಇದು ಯಾರ ರೊಟ್ಟಿ?” ಎಂದರು. ಮಗಳು ಸ್ವಲ್ಪ ಹೊತ್ತು ಬೀಜವನ್ನೇ ನೋಡಿದಳು. “ಕಾಕಾಂದು ಇರಬೇಕು. ಇನ್ನೊಂದು ಪಾವು ಹಾಕಬೇಕು ಆಯಿ, ಎರಡು ರೊಟ್ಟಿ ಹೆಚ್ಚಾದರೂ ಆಗಲಿ.” ನೋಟುಬುಕ್ಕಿನಲ್ಲಿ ಶೇಷವನ್ನು ಬರೆದು ಕೆಳಗೆ ಗೆರೆ ಎಳೆದರೆ ಮುಗಿಯಿತು, ಊಟದ ಪಂಕ್ತಿಯಲ್ಲಿ ಶೇಷವೆಂದರೆ ತಾಟಿನಲ್ಲಿ ರೊಟ್ಟಿಯಿಲ್ಲದೆ ಕುಳಿತ ಒಬ್ಬ ಮನುಷ್ಯ. ಭಾಗಾಕಾರದಲ್ಲಿ ಈ ಭಾಗವನ್ನು ಕಾಗದದ ಮೇಲೆ ಕಲಿಸುವುದು ನಿಜಕ್ಕೂ ಕಷ್ಟ.

ಎಂಟು ಪಾವೆಂದರೆ ಎರಡು ಸೇರು. ಅವ್ವನ ಹತ್ತಿರ ಹಿತ್ತಾಳೆಯ ಸೇರು, ಪಾವು ಎರಡೂ ಇದ್ದುದರಿಂದ ಮಗಳಿಗೆ ಇದನ್ನು ಪರೀಕ್ಷಿಸುವ ಹಟ ಹುಟ್ಟಿತು. ಅವಳು ಪಾವನ್ನು ಗುಡ್ಡೆಯಾಗುವಂತೆ ತುಂಬಿ ತುಂಬಿ ಸೇರಿಗೆ ಸುರಿದಳು. ನಾಲ್ಕನೆಯದು ಅರ್ಧ ಸುರಿಯುವಷ್ಟರಲ್ಲೇ ಹಿಟ್ಟು ಅಂಚು ದಾಟಿ ಹಾಸಿದ ಕಾಗದದ ಮೇಲೆ ಚೆಲ್ಲಿತು. “ನಾಲ್ಕು ಹಿಡಿಯೂದಿಲ್ಲ ಆಯಿ!” ಅವ್ವ ಏನೂ ಹೇಳದೆ ಪಾವನ್ನು ತಾವು ತುಂಬಿ, ಅಂಗೈಯನ್ನು ಅಂಚಿನ ಮೇಲೆ ಸರಿಸಿ ಹಿಟ್ಟನ್ನು ಮಟ್ಟ ಮಾಡಿದರು. ಮಗಳು ಸೇರನ್ನು ಬರಿದು ಮಾಡಿ, ಹಾಗೆಯೇ ಮಟ್ಟ ಮಾಡುತ್ತ ಮತ್ತೆ ಸುರಿದಳು; ಈ ಸಲ ನಾಲ್ಕಕ್ಕೆ ಸೇರು ಸರಿಯಾಗಿ ತುಂಬಿತು. ಅಳೆಯುವ ಪಾತ್ರೆ ಪ್ರತಿ ಸಲವೂ ಒಂದೇ ಸಮನಾಗಿ ತುಂಬಿರಬೇಕೆಂಬ ನಿಯಮವನ್ನು ಚೆಲ್ಲಿದ ಹಿಟ್ಟು ಹೇಳಿಕೊಟ್ಟಿತ್ತು, ನಾನು ವಿವರಿಸಬೇಕಾದದ್ದೇನೂ ಉಳಿದಿರಲಿಲ್ಲ. 1956ರ ಕಾನೂನಿನ ನಂತರ ಮೆಟ್ರಿಕ್ ಅಳತೆ ಹಂತಹಂತವಾಗಿ ಬಂದಿದ್ದರೂ ನಮ್ಮ ಅಡುಗೆಮನೆಗಳಲ್ಲಿ ಕಾಲು, ಅರ್ಧ, ಮುಕ್ಕಾಲುಗಳನ್ನು ಕೈಯಲ್ಲಿ ಹಿಡಿಸುವುದಕ್ಕೆ ಈ ಜೋಡಿಯಂಥದು ಇನ್ನೊಂದಿಲ್ಲ. 1957ಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲದಲ್ಲಿ ನಮ್ಮ ಅಜ್ಜನಂಥವರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದರು. ದಿನದ ವ್ಯವಹಾರವೇ ನಾಲ್ಕಾಣೆ, ಎಂಟಾಣೆಗಳಲ್ಲಿ ನಡೆಯುತ್ತಿದ್ದಾಗ ಅದು ಅಗತ್ಯವೂ ಆಗಿತ್ತು.

ಬೆಳಿಗ್ಗೆ ಜನತಾ ಬಜಾರಿನಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ಬದನೆಕಾಯಿ, ಮೆಂತೆಪಲ್ಲೆ ಸೇರಿ ಅರವತ್ತೈದು ರೂಪಾಯಿ ಆಗಿತ್ತು, ಮಗಳ ಕೈಯಲ್ಲಿ ನೂರರ ನೋಟಿತ್ತು. ನೂರರಲ್ಲಿ ಅರವತ್ತೈದು ಕಳೆಯುವುದು ಅವಳಿಗೆ ದೊಡ್ಡ ಸಂಕಟ. ಬಿಡಿಸ್ಥಾನದಲ್ಲಿ ಸೊನ್ನೆ, ಪಕ್ಕದಲ್ಲೂ ಸೊನ್ನೆ, ದಶಕವನ್ನು ಎಲ್ಲಿಂದ ತರುವುದು? ಮಾರುವ ಅಕ್ಕ ಯಾವುದನ್ನೂ ಕಳೆಯಲಿಲ್ಲ. ಐದರ ನಾಣ್ಯ ಇಟ್ಟು “ಎಪ್ಪತ್ತು”, ಹತ್ತರ ನೋಟು ಇಟ್ಟು “ಎಂಬತ್ತು”, ಇಪ್ಪತ್ತರ ನಾಣ್ಯ ಇಟ್ಟು “ನೂರು” ಎಂದು ಕೈ ಝಾಡಿಸಿಕೊಂಡರು. ಕೂಡುತ್ತ ಹೋದರೂ ಕಳೆಯುವ ಲೆಕ್ಕ ಮುಗಿಯುತ್ತದೆ ಎಂಬುದು ಮಗಳಿಗೆ ಹೊಸದು. ದಾರಿಯುದ್ದಕ್ಕೂ ತಾನೇ ಅಂಗಡಿಯವಳಾಗಿ ನನಗೆ ಚಿಲ್ಲರೆ ಕೊಡುತ್ತ ಬಂದಳು. ಆಟೋದಲ್ಲಿ ಕುಳಿತು ಇಪ್ಪತ್ತರ ನಾಣ್ಯದ ಅಂಚುಗಳನ್ನೂ ಎಣಿಸಿದಳು. ಶುರು ಮಾಡಿದ ಅಂಚು ತಪ್ಪಿಹೋಗದಂತೆ ಹೆಬ್ಬೆರಳ ಉಗುರನ್ನು ಅಲ್ಲಿ ಒತ್ತಿ ಹಿಡಿದು ಹನ್ನೆರಡು ಎಂದಳು. ಹಾಗೆ ಹಿಡಿಯಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ನೆಂಟರನ್ನು ಕಳಿಸಲು ರೈಲು ನಿಲ್ದಾಣಕ್ಕೆ ಹೋದೆವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಊರಿನ ಹೆಮ್ಮೆ, ಆದರೆ ಅಷ್ಟು ಮೀಟರ್ ಎಂದರೆ ಮಗುವಿಗೆ ಏನರ್ಥ? ರೈಲಿನ ಒಂದು ಡಬ್ಬಿ ಸುಮಾರು 24 ಮೀಟರ್ ಇರುತ್ತದೆ ಎಂದಷ್ಟೇ ಹೇಳಿದೆ. ನಾಲ್ಕು ಡಬ್ಬಿಗೆ ನೂರರ ಹತ್ತಿರ, ಹದಿನೈದು ನೂರಕ್ಕೆ ಅರವತ್ತು ಡಬ್ಬಿ ಎಂದು ಬಂದಳು. ಇಪ್ಪತ್ತು ಡಬ್ಬಿಯ ಮೂರು ಗಾಡಿ ನಿಲ್ಲಬಹುದು ಎಂದು ಅವಳ ಕಾಕಾ ಹೇಳಿದಾಗ, “ಮತ್ತ ಎಂಜಿನ್ ಎಲ್ಲೆ ನಿಲ್ಲಬೇಕು?” ಎಂದು ತಿರುಗಿ ಕೇಳಿದಳು. ಅಂದಾಜಿನ ಲೆಕ್ಕದಲ್ಲಿ ಏನನ್ನು ಬಿಟ್ಟಿದ್ದೇವೆ ಎಂದು ಕೇಳುವುದನ್ನು ನಾನು ಕಾಲೇಜಿಗೆ ಹೋದ ಮೇಲೆ ಕಲಿತೆ.

ಇದರಿಂದ ಮಗ್ಗಿ ಬಾಯಿಪಾಠ ಮಾಡುವ ಕಷ್ಟ ತಪ್ಪಿತೆಂದು ಯಾರೂ ತಿಳಿಯಬಾರದು. ಏಳರ ಮಗ್ಗಿ ಇನ್ನೂ ತಡವರಿಸುತ್ತದೆ, ಅದಕ್ಕೆ ಕುಳಿತು ಹೇಳಿಸುವುದೇ ದಾರಿ. ಈಗ ಹಾಲಿನ ಲೆಕ್ಕವನ್ನು ಅವಳಿಗೇ ಒಪ್ಪಿಸಿದ್ದೇನೆ. ಹಾಲು ಬಾರದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುಣಾಕಾರದ ಗುರುತು ಹಾಕುತ್ತಾಳೆ. ಈ ತಿಂಗಳು ಅವಳ ಪ್ರಕಾರ ಎರಡು ದಿನ ಬಂದಿಲ್ಲ, ಹಾಲಿನವರ ಪ್ರಕಾರ ಒಂದೇ ದಿನ. ಭಾನುವಾರ ಇಬ್ಬರೂ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುವವರಿದ್ದಾರೆ.